ಬೋರ್ಡು ಕಾಣಿಸದ ಪಾಠ

ಹುಡುಗಿ ಫಾರಂ ಅನ್ನು ಪೆಟ್ಟಿಗೆಯ ಸೀಳಿನೊಳಗೆ ಅರ್ಧ ತೂರಿಸಿ ಕೈ ತಡೆದಳು.

"ಮಿಸ್, ಒಂದು ಡೌಟು. ಭೂಗೋಳಕ್ಕೆ ಎದುರಿಗೆ ನಿಲ್ಲೋ ಮೇಷ್ಟ್ರ ಬಗ್ಗೆ ಬರೀಬೇಕಾ, ಗೋಡೆ ಆಚೆ ಇರೋ ಮಿಸ್ ಬಗ್ಗೆ ಬರೀಬೇಕಾ?"

ತುಂಟಾಟ ಅಂದುಕೊಂಡು ತಲೆಯೆತ್ತಿದೆ. ಅವಳ ಮುಖದಲ್ಲಿ ತುಂಟಾಟವಿರಲಿಲ್ಲ. ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ ಹುಡುಗ ಹುಡುಗಿಯರೂ ನಗಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳು ನಗಬೇಕಾದ ಕಡೆ ನಗದಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

"ಯಾವ ಮಿಸ್?" ಎಂದೆ.

"ನಮ್ಮ ಭೂಗೋಳದ ಮಿಸ್. ನಾನು ಇಬ್ಬರ ಬಗ್ಗೆನೂ ಬರೆದುಬಿಟ್ಟಿದೀನಿ. ಮಾರ್ಕ್ಸ್ ಏನೂ ಕಟ್ ಆಗಲ್ಲ ಅಲ್ವಾ?"

ಆಗಲ್ಲ ಎಂದು ತಲೆಯಾಡಿಸಿದೆ. ಆ ಭೂಗೋಳದ ಮಿಸ್ ನನ್ನ ತಮ್ಮನ ಹೆಂಡತಿ; ರಜೆಗೆ ಮುಂಚೆ ಒಂದು ಸಂಜೆ ಈ ಶಾಲೆಯ ಗೇಟು ದಾಟಿದವಳು ಮನೆ ಸೇರಲಿಲ್ಲ, ಇದೇ ಶಾಲೆಯಲ್ಲಿ ಲೆಕ್ಕ ಹೇಳುವ ನನ್ನ ತಮ್ಮನೇ ಅವಳನ್ನು ಮುಗಿಸಿದ್ದಾನೆ ಎಂದು ಊರಿಗೆ ಊರೇ ಮಾತಾಡುತ್ತಿತ್ತು.

ಊರು ಮಾತಾಡಿದರೆ ಹಾಳಾಗಿ ಹೋಗಲಿ. ಇನ್‌ಸ್ಪೆಕ್ಟರ್ ಕೂಡ ಅದನ್ನೇ ನಂಬಿದ್ದ. ಈ ವಾರದೊಳಗೆ ಬೇರೆ ಏನಾದರೂ ಸುಳಿವು ಸಿಗದಿದ್ದರೆ ತಮ್ಮನನ್ನು ಒಳಗೆ ಹಾಕುತ್ತೇನೆ ಎಂದು ನನ್ನ ಮನೆಯ ಹೊಸ್ತಿಲಲ್ಲೇ ನಿಂತು ಹೇಳಿ ಹೋಗಿದ್ದ.

ಶಾಲೆ ಶಾಲೆ ತಿರುಗಿ ಮಕ್ಕಳಿಂದ ಪಾಠಗಳ ಬಗ್ಗೆ ಅಭಿಪ್ರಾಯ ಕಲೆಹಾಕುವುದು ನನ್ನ ಹೊಟ್ಟೆಪಾಡು. ಮೊದಲು ನಾನೂ ಟೀಚರಾಗಿದ್ದವಳೇ. ನನ್ನ ಸರ್ವೆಗೆ ನನ್ನದೇ ಕಟ್ಟುಪಾಡುಗಳಿವೆ. ಮಕ್ಕಳು ಬರೆಯುವಾಗ ಮೇಷ್ಟ್ರುಗಳು ಕ್ಲಾಸಿನ ಹೊರಗಿರಬೇಕು. ಹೆಸರು ಬರೆಯುವ ಹಾಗಿಲ್ಲ. ಪೆಟ್ಟಿಗೆಯ ಬೀಗದ ಕೈ ನನ್ನ ಬಳಿಯೇ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಮಕ್ಕಳ ಕೈಬರಹ ಶಾಲೆಯವರ ಕಣ್ಣಿಗೆ ಬೀಳಬಾರದು. ಅಕ್ಷರ ನೋಡಿ ಗುರುತು ಹಿಡಿದು ವರ್ಷವಿಡೀ ಹಗೆ ಸಾಧಿಸುವ ಮೇಷ್ಟ್ರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಫಾರಂಗಳನ್ನು ಮನೆಗೆ ಒಯ್ದು, ಬರೆದದ್ದನ್ನೆಲ್ಲ ಟೈಪ್ ಮಾಡಿ, ಆ ಹಾಳೆಯನ್ನಷ್ಟೇ ಶಾಲೆಗೆ ಕೊಡುತ್ತೇನೆ. ಇತ್ತೀಚೆಗೆ ನನ್ನ ಕಣ್ಣು ಅಷ್ಟಕ್ಕಷ್ಟೆ. ಕೋಳಿಕಾಲಿನ ಅಕ್ಷರಗಳನ್ನು ತಮ್ಮ ಓದಿ ಹೇಳುತ್ತಾನೆ, ನಾನು ಬಡಿಯುತ್ತಾ ಹೋಗುತ್ತೇನೆ.

ಅವತ್ತು ಮನೆಯವರೆಗೆ ಕಾಯುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಖಾಲಿಯಿದ್ದ ಲ್ಯಾಬಿಗೆ ಹೋಗಿ, ಚಿಲಕ ಹಾಕಿಕೊಂಡು, ಪೆಟ್ಟಿಗೆ ತೆರೆದೆ.

ಭೂತಗನ್ನಡಿ ಹಿಡಿದು ಒಂದೊಂದೇ ಓದಿದೆ. ಹೆಚ್ಚಿನವು ಮಾಮೂಲು. ಬದಲಿ ಮೇಷ್ಟ್ರು ಪಾಠದಲ್ಲಿ ವೇಗವಾಗಿ ಓಡುತ್ತಾರೆ. ಬದಲಿ ಮೇಷ್ಟ್ರು ಪೆನ್ನು ಕಚ್ಚುತ್ತಾರೆ. ಪರೀಕ್ಷೆಯನ್ನೇ ತೆಗೆದುಹಾಕಿ. ಎಲ್ಲ ಕಾಲದ ಎಲ್ಲ ಮಕ್ಕಳೂ ಬರೆಯುವಂಥವು.

ಆಮೇಲೆ ಅದು ಬಂತು. ನೀಲಿ ಶಾಯಿ, ದುಂಡನೆಯ ಅಕ್ಷರ.

"ಮಿಸ್ ಪಾಠ ತುಂಬಾ ಚೆನ್ನಾಗಿದೆ. ಆದರೆ ಗೋಡೆಯ ಆಚೆಯಿಂದ ಮಾಡುವುದರಿಂದ ಬೋರ್ಡು ಕಾಣಿಸುವುದಿಲ್ಲ."

ಇನ್ನೊಂದರಲ್ಲಿ, "ಫ್ಯಾನ್ ಹಾಕಿದರೆ ಮಿಸ್ ಧ್ವನಿ ಕೇಳಿಸುವುದಿಲ್ಲ. ಫ್ಯಾನ್ ಬೇಡ, ಸೆಕೆ ಆದರೂ ಪರವಾಗಿಲ್ಲ."

ಮತ್ತೊಂದರಲ್ಲಿ, "ಕೊನೇ ಬೆಂಚಿಗೆ ಮಾತ್ರ ಕೇಳಿಸುತ್ತೆ. ಮುಂದಿನ ಬೆಂಚಿನವರಿಗೆ ಇದು ಅನ್ಯಾಯ."

ನಗು ಬರಬೇಕಿತ್ತು. ಬರಲಿಲ್ಲ. ಮಕ್ಕಳು ಯಾರನ್ನೋ ಹೆದರಿಸಲು ಬರೆದದ್ದಲ್ಲ ಅದು. ದೆವ್ವದ ಕಥೆ ಬರೆಯುವವರು ಫ್ಯಾನಿನ ಬಗ್ಗೆ ದೂರು ಹೇಳುವುದಿಲ್ಲ.

ಕೊನೆಗೆ ಸಿಕ್ಕ ಫಾರಂ ಓದಿ ನಾನು ಕುರ್ಚಿಯಿಂದಲೇ ಎದ್ದುಬಿಟ್ಟೆ. "ನಾವು ಹೋದ ಸಲ ಕೇಳಿದ ಹಾಗೆ ನದಿಗಳ ಪಾಠವನ್ನು ನಿಧಾನವಾಗಿ ಮತ್ತೊಮ್ಮೆ ಮಾಡಿದ್ದಕ್ಕೆ ಥ್ಯಾಂಕ್ಸ್ ಮಿಸ್."

ಹೋದ ಸಲ ಎಂದರೆ ರಜೆ ಮುಗಿದು ಶಾಲೆ ಶುರುವಾದಾಗ ನಾನೇ ಮಾಡಿದ ಸರ್ವೆ. ನದಿಗಳ ಪಾಠ ಅರ್ಧಕ್ಕೇ ನಿಂತಿದೆ, ಮತ್ತೆ ನಿಧಾನವಾಗಿ ಮಾಡಿಸಿ ಎಂದು ಆಗ ಮಕ್ಕಳು ಬರೆದಿದ್ದರು. ಬದಲಿ ಮೇಷ್ಟ್ರು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಆದರೆ ಯಾರೋ ಹಾಕಿಕೊಂಡಿದ್ದರು. ಯಾರೋ ಮಕ್ಕಳ ಅಭಿಪ್ರಾಯ ಓದಿ, ಅದರಂತೆ ಪಾಠ ಮಾಡುತ್ತಿದ್ದರು.

* * *

ಆ ಹುಡುಗಿಯನ್ನು ಕಾರಿಡಾರಿನಲ್ಲಿ ಹಿಡಿದೆ. ಮೊಣಕಾಲು ಮುಟ್ಟುವ ಜಡೆ ಅವಳದ್ದು. ಕ್ಲಾಸಿನವರೆಲ್ಲ ಅವಳನ್ನು ಉದ್ದಜಡೆ ಎಂದೇ ಕರೆಯುತ್ತಿದ್ದರು.

"ನಿನಗೆ ಭಯ ಆಗಲ್ವೇನೇ?"

"ಮೊದಲ ದಿನ ಆಯ್ತು ಮಿಸ್. ಆಮೇಲೆ ಪಾಠ ಅರ್ಥ ಆಗೋಕೆ ಶುರುವಾಯ್ತು."

"ಯಾವಾಗ ಕೇಳಿಸುತ್ತೆ?"

"ಭೂಗೋಳದ ಪೀರಿಯಡ್ಡಲ್ಲಿ ಮಾತ್ರ. ಎದುರಿಗೆ ಬದಲಿ ಮೇಷ್ಟ್ರು ಅವರ ಪಾಡಿಗೆ ಮಾಡ್ತಾರೆ, ಹಿಂದೆ ಮಿಸ್ ಅವರ ಪಾಡಿಗೆ ಮಾಡ್ತಾರೆ. ನಾವು ಮಿಸ್ ಹೇಳಿದ್ದೇ ಬರ್ಕೋತೀವಿ."

"ಇಷ್ಟು ದಿನ ಯಾರಿಗೂ ಯಾಕೆ ಹೇಳಲಿಲ್ಲ?"

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಯಾರೂ ಕೇಳಲಿಲ್ಲ ಮಿಸ್. ನೀವು ಫಾರಂ ಕೊಟ್ಟು ಕೇಳಿದ್ರಿ, ಬರೆದ್ವಿ."

ಕಪಾಳಕ್ಕೆ ಹೊಡೆದಂತಾಯಿತು.

* * *

ಹತ್ತನೇ ಕ್ಲಾಸಿನ ಕೊನೇ ಬೆಂಚಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಭೂಪಟಗಳ ಕೋಣೆ. ಅದರ ಬೀಗದ ಕೈ ಇರುವುದು ಹೆಡ್‌ಮಿಸ್ ಒಬ್ಬರ ಗೊಂಚಲಿನಲ್ಲಿ. ಬೀಗ ತೆಗೆಯಿರಿ ಎಂದಾಗ ಅವರು ಕಾರಣವನ್ನೂ ಕೇಳಲಿಲ್ಲ. ಏನಾದರೂ ಕೊಡಿ ಎಂದರೆ ಮೂರು ಸಹಿ ಕೇಳುವ ಹೆಂಗಸು, ಸುಮ್ಮನೆ ಗೊಂಚಲು ಹಿಡಿದು ಎದ್ದು ಬಂದರು. ಅಲ್ಲಿಗೇ ನನಗೆ ವಾಸನೆ ಬಡಿಯಿತು.

ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಹಳೇ ಅಂಟು, ಮಾಸಿದ ಬಟ್ಟೆಯ ವಾಸನೆ. ಸುತ್ತಿಟ್ಟ ಭೂಪಟಗಳು ಮೂಲೆಯಲ್ಲಿ ಒಂದಕ್ಕೊಂದು ಒರಗಿ ನಿಂತಿದ್ದವು. ಕಿಟಕಿಗೆ ಹಲಗೆ ಹೊಡೆದಿದ್ದರು. ಹೊರಗೆ ಸುಡು ಮಧ್ಯಾಹ್ನ, ಒಳಗೆ ಮಾತ್ರ ಬಾವಿಯೊಳಗೆ ಇಳಿದಷ್ಟು ತಂಪು.

ಟಾರ್ಚು ಹಚ್ಚಿ ನೆಲ ನೋಡಿದೆ. ಎಲ್ಲೆಡೆ ದಪ್ಪ ಧೂಳು. ಕ್ಲಾಸಿನ ಗೋಡೆಯ ಪಕ್ಕದಲ್ಲಿ ಒಂದು ಇಲಿ ಓಡಿದ ಗುರುತೂ ಇಲ್ಲ. ಅಲ್ಲಿ ಯಾರೂ ನಿಂತಿರಲಿಲ್ಲ, ಯಾರೂ ಕೂತಿರಲಿಲ್ಲ, ಯಾರೂ ಪಾಠ ಮಾಡಿರಲಿಲ್ಲ.

ಆದರೆ ಬಾಗಿಲಿನಿಂದ ಎಡಗೋಡೆಯವರೆಗೆ ಚಪ್ಪಲಿಯ ಗುರುತಿತ್ತು. ಮುಂದೆ ಅಗಲ, ಹಿಂದೆ ಪುಟ್ಟ ಚೌಕ. ಗುರುತು ನಿಂತ ಕಡೆ ಸ್ಟೂಲಿನ ಕಾಲು ಊರಿದ ಕಲೆಗಳು. ಮೇಲೆ, ಸೂರಿನ ಹತ್ತಿರ, ಪ್ರಾರ್ಥನೆಯ ಹೊತ್ತಿಗೆ ಹಾಕುವ ಹಳೇ ಸ್ಪೀಕರ್ ಪೆಟ್ಟಿಗೆ. ಅದರ ತಂತಿ ಕತ್ತರಿಸಿ ಜೋಲಾಡುತ್ತಿತ್ತು. ತುದಿಯ ತಾಮ್ರ ಇನ್ನೂ ಥಳಥಳ ಹೊಳೆಯುತ್ತಿತ್ತು.

ನಾನು ಟಾರ್ಚನ್ನು ಹೆಡ್‌ಮಿಸ್ ಕಾಲಿನ ಕಡೆ ತಿರುಗಿಸಿದೆ. ಚೌಕ ಹಿಮ್ಮಡಿಯ ಚಪ್ಪಲಿ.

"ಯಾಕೆ ಕತ್ತರಿಸಿದ್ರಿ?"

"ನೀವು ಸರ್ವೆ ಮಾಡೋಕೆ ಬಂದವರು. ಸರ್ವೆ ಮಾಡ್ಕೊಂಡು ಹೋಗಿ."

"ಅದನ್ನೇ ಮಾಡ್ತಿರೋದು. ಇದೂ ಒಂದು ಪ್ರಶ್ನೆನೇ. ಹೆಸರು ಬರೀಬೇಕಾಗಿಲ್ಲ."

ಹಲ್ಲು ಕಡಿದರು. "ನಿಮ್ಮ ತಮ್ಮನ್ನ ಉಳಿಸೋಕೆ ನನ್ನ ಶಾಲೆ ಮೇಲೆ ದೆವ್ವ ಹತ್ತಿಸಬೇಡಿ."

"ದೆವ್ವ ಅಂದೋರು ಯಾರು? ನಾನು ಆ ಮಾತೇ ಎತ್ತಿಲ್ಲ."

ಹೆಡ್‌ಮಿಸ್ ಅಲ್ಲೇ ಇದ್ದ ಮುರುಕು ಬೆಂಚಿನ ಮೇಲೆ ಧೊಪ್ಪನೆ ಕುಸಿದು ಕೂತರು. ಧೂಳು ಮೇಲೆದ್ದಿತು. ಸೀರೆಯ ಒಂದು ನಿರಿಗೆ ಕೊಂಕಿದರೂ ಸಹಿಸದ ಹೆಂಗಸು ಆ ಧೂಳನ್ನು ಕೊಡವಲೂ ಇಲ್ಲ.

"ಬದಲಿ ಮೇಷ್ಟ್ರು ಬಂದು ಹೇಳಿದ್ರು," ಅವರ ದನಿ ಇಳಿದಿತ್ತು. "ಹಿಂದಿನ ಗೋಡೆಯಿಂದ ಏನೋ ಗುಸುಗುಸು ಬರುತ್ತೆ, ಸ್ಪೀಕರ್ ಕೆಟ್ಟಿರಬೇಕು ಅಂತ. ನಾನೇ ಬಂದು ತಂತಿ ಕತ್ತರಿಸಿದೆ. ಬೇರೆಯವರನ್ನ ಕರೆದ್ರೆ ಸುದ್ದಿ ಹಬ್ಬುತ್ತೆ ಅಂತ. ಮಾರನೇ ದಿನ ಇದೇ ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ."

"ಕೇಳಿಸ್ತಾ?"

"ಹಾಜರಿ ಕರೀತಿದ್ಲು." ಹೆಡ್‌ಮಿಸ್ ಸೆರಗಿನಿಂದ ಕತ್ತು ಒರೆಸಿಕೊಂಡರು. "ಕೊನೇ ಬೆಂಚಿನವರ ಹೆಸರು ಮಾತ್ರ. ಒಂದೊಂದಾಗಿ. ಮಕ್ಕಳು ಮೆಲ್ಲಗೆ 'ಎಸ್ ಮಿಸ್' ಅಂತಿದ್ವು. ನಿಮ್ಮಾಣೆ, ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು."

"ಪೊಲೀಸರಿಗೆ ಹೇಳಬೇಕಿತ್ತು."

"ಏನಂತ ಹೇಳಲಿ? ಕಾಣೆಯಾದ ಟೀಚರು ಗೋಡೆಯಿಂದ ಪಾಠ ಮಾಡ್ತಿದಾಳೆ ಅಂತಲಾ? ಮಾರನೇ ದಿನ ಒಬ್ಬರೂ ಮಕ್ಕಳನ್ನ ಕಳಿಸ್ತಿರಲಿಲ್ಲ. ಮೇಲಾಗಿ..."

"ಮೇಲಾಗಿ?"

"ಅವಳು ಹೋದ ಸಂಜೆ ನನ್ನ ರೂಮಲ್ಲಿ ಜಗಳ ಆಗಿತ್ತು. ರಜೆಗೆ ಮುಂಚಿನ ಸರ್ವೆಯಲ್ಲಿ ಮಕ್ಕಳು ಶಾಲೆ ಬಗ್ಗೆ ಕೆಟ್ಟದಾಗಿ ಬರೆದಿದ್ದನ್ನ ಕಮಿಟಿಗೆ ತೋರಿಸೋದು ಬೇಡ, ತೆಗೆದುಬಿಡು ಅಂದೆ. ಆಗಲ್ಲ ಅಂದ್ಲು. ಹಾಗಾದ್ರೆ ನೀನೂ ಇಲ್ಲಿರೋದು ಬೇಡ ಅಂದುಬಿಟ್ಟೆ. ಅಷ್ಟೇ. ಅಳ್ತಾ ಹೋದ್ಲು."

ಅಷ್ಟೇ ಎನ್ನುವ ಪದವನ್ನು ಜನ ಎಲ್ಲೆಲ್ಲಿ ಬಳಸುತ್ತಾರೋ! ಸಿಟ್ಟಿನಿಂದ ಮೈ ಉರಿದರೂ ನುಂಗಿಕೊಂಡೆ. ಆ ಹೆಂಗಸು ನಿಜವಾಗಿಯೂ ಹೆದರಿದ್ದರು. ಅಥವಾ ಹೆದರಿದ ಹಾಗೆ ನಟಿಸುವುದರಲ್ಲಿ ನನಗಿಂತ ಜಾಣೆ.

ಹೊರಗೆ ಬರುವಾಗ ಒಮ್ಮೆ ಕ್ಲಾಸಿನ ಗೋಡೆಗೆ ಅಂಗೈ ಇಟ್ಟೆ. ಕೋಣೆಯೆಲ್ಲ ತಣ್ಣಗಿದ್ದರೂ ಗೋಡೆಯ ಆ ಭಾಗ ಬೆಚ್ಚಗಿತ್ತು.

* * *

"ರೆಕಾರ್ಡ್ ಮಾಡಿಟ್ಟಿದ್ದನ್ನ ಯಾರೋ ಹಾಕ್ತಿದ್ದಾರೆ, ಅಷ್ಟೇ," ಎಂದ ಇನ್‌ಸ್ಪೆಕ್ಟರ್. ಠಾಣೆಯ ಹಿಂದಿನ ಅಂಗಳದಲ್ಲಿ ಚಹಾ ಆರುತ್ತಾ ಕೂತಿತ್ತು. "ಗೋಡೆಯೊಳಗೆ ಇನ್ನೊಂದು ಸಣ್ಣ ಸ್ಪೀಕರ್ ಇರುತ್ತೆ. ಒಡೆಸಿ ನೋಡ್ತೀನಿ."

ಅವನು ನನ್ನ ಹಳೇ ಶಿಷ್ಯ. ಹುಡುಗನಾಗಿದ್ದಾಗ ನನ್ನ ಫೀಡ್‌ಬ್ಯಾಕ್ ಫಾರಂನಲ್ಲಿ 'ಮಿಸ್ ತುಂಬಾ ಬೈತಾರೆ, ಆದರೆ ಕಾರಣ ಇರುತ್ತೆ' ಎಂದು ಬರೆದಿದ್ದ. ಇನ್ನೂ ನನ್ನೆದುರು ಕಾಲ ಮೇಲೆ ಕಾಲು ಹಾಕುವುದಿಲ್ಲ.

"ಗೋಡೆ ಒಡೆದ್ರೆ ಹಕ್ಕಿ ಹಾರಿಹೋಗುತ್ತೆ ಕಣೋ. ನದಿಗಳ ಪಾಠ ಯಾಕೆ ಮತ್ತೆ ಆಯ್ತು ಹೇಳು. ಮಕ್ಕಳು ಕೇಳಿದ್ದಕ್ಕೆ. ಅಂದ್ರೆ ಮಕ್ಕಳು ಬರೆದಿದ್ದನ್ನ ಯಾರೋ ಅವಳಿಗೆ ತಲುಪಿಸ್ತಿದ್ದಾರೆ. ಅವಳು ಬದುಕಿದಾಳೆ!"

ಆ ಮಾತು ಬಾಯಿಂದ ಹೊರಬಿದ್ದಾಗ ಕಣ್ಣು ತುಂಬಿತು. ಅವಳು ಬದುಕಿದ್ದರೆ ನನ್ನ ತಮ್ಮ ಕೊಲೆಗಾರನಲ್ಲ. ಅಷ್ಟು ಸಾಕಿತ್ತು ನನಗೆ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಇನ್‌ಸ್ಪೆಕ್ಟರ್ ಗಲ್ಲ ಉಜ್ಜಿಕೊಂಡ. "ನೀವು ಟೈಪ್ ಮಾಡಿದ ಹಾಳೆ ಯಾರ ಯಾರ ಕೈಗೆ ಹೋಗುತ್ತೆ?"

"ಹೆಡ್‌ಮಿಸ್‌ಗೆ ಒಂದು, ಪಾಠ ಮಾಡೋ ಮೇಷ್ಟ್ರಿಗೆ ಒಂದು. ಅಂದ್ರೆ ಬದಲಿ ಮೇಷ್ಟ್ರಿಗೆ. ಅವಳು ವಾಪಸ್ ಬರದಿದ್ರೆ ಆ ಕೆಲಸ ಅವರಿಗೇ ಕಾಯಂ."

"ಹಾಗಾದ್ರೆ ಇಬ್ಬರಲ್ಲಿ ಒಬ್ಬರು."

"ಯಾರು ಅಂತ ಗೋಡೆನೇ ಹೇಳುತ್ತೆ." ನನಗೆ ಆಗಲೇ ಉಪಾಯ ಹೊಳೆದಿತ್ತು. "ಈ ಸಲ ಎರಡು ಹಾಳೆನೂ ಬೇರೆ ಬೇರೆ ಟೈಪ್ ಮಾಡ್ತೀನಿ. ಹೆಡ್‌ಮಿಸ್ ಹಾಳೆಯಲ್ಲಿ ಮಕ್ಕಳು ಜ್ವಾಲಾಮುಖಿ ಪಾಠ ಕೇಳಿದಾರೆ ಅಂತ ಸೇರಿಸ್ತೀನಿ. ಬದಲಿ ಮೇಷ್ಟ್ರ ಹಾಳೆಯಲ್ಲಿ ಮರುಭೂಮಿ. ಗೋಡೆಯಿಂದ ಯಾವುದು ಬರುತ್ತೋ ಅವರೇ ನಮ್ಮ ಕಳ್ಳರು."

ಇನ್‌ಸ್ಪೆಕ್ಟರ್ ಮುಖ ಅರಳಿತು. "ಟೀಚರ್, ನೀವು ತಪ್ಪಿ ಶಾಲೆ ಸೇರಿದವರು."

"ನಿನ್ನಂಥವರಿಗೆ ಮಗ್ಗಿ ಕಲಿಸೋಕೆ ಯಾರಾದ್ರೂ ಬೇಕಿತ್ತಲ್ಲ."

ಹೊರಡುವಾಗ ಅವನು ಹೇಳಿದ, "ನಿಮ್ಮ ತಮ್ಮನಿಗೂ ಹೇಳಬೇಡಿ."

"ಅವನಿಗೆ ಯಾಕೆ?" ಸರ್ರನೆ ರೇಗಿತು.

"ಸಿಟ್ಟಾಗಬೇಡಿ. ಬದುಕಿದಾಳೆ ಅಂತ ಆಸೆ ಹುಟ್ಟಿಸಿ, ನಾಳೆ ಅದು ಸುಳ್ಳಾದ್ರೆ?"

ಅದೂ ನಿಜವೇ ಅನ್ನಿಸಿತು.

* * *

ಹಾಳೆಗಳನ್ನು ಆ ಸಂಜೆ ಒಬ್ಬಳೇ ಕೂತು ಟೈಪ್ ಮಾಡಿದೆ. ತಮ್ಮ ಬಂದಾಗ ಫಾರಂಗಳೆಲ್ಲ ಕಪಾಟಿನಲ್ಲಿದ್ದವು, ಬೀಗ ಹಾಕಿ ಆಗಿತ್ತು.

ಹೆಂಡತಿ ಕಾಣೆಯಾದ ಮೇಲೆ ಅವನು ನನ್ನ ಜೊತೆಗೇ ಇದ್ದಾನೆ. ಮನೆಯಲ್ಲಿ ನಾವಿಬ್ಬರೇ. ಕೆನ್ನೆ ಗುಳಿಬಿದ್ದು, ಅಂಗಿ ಭುಜದಿಂದ ಜಾರುವಂತಾಗಿದ್ದ. ಬೀದಿಯಲ್ಲಿ ಅವನನ್ನು ಕಂಡರೆ ಜನ ಆ ಬದಿಗೆ ದಾಟಿ ಹೋಗುತ್ತಾರೆ. ಚಿಕ್ಕವನಿದ್ದಾಗ ಇರುವೆ ತುಳಿದರೆ ಅಳುತ್ತಿದ್ದ ನನ್ನ ಈ ಕಂದನನ್ನು ಕೊಲೆಗಾರ ಎನ್ನುತ್ತಾರಲ್ಲ, ಇವರ ಬಾಯಿಗೆ ಹುಳ ಬೀಳಲಿ.

ಊಟಕ್ಕೆ ಕೂತಾಗ ಅವನೇ ಕೇಳಿದ. "ಫಾರಂ ತಂದ್ಯಾ ಅಕ್ಕಾ? ಕೊಡು, ಓದ್ತೀನಿ."

"ಆಯ್ತು ಕಣೋ. ಈ ಸಲ ಕಡಿಮೆ ಇದ್ವು. ನಾನೇ ಮುಗಿಸಿದೆ."

"ಒಬ್ಬಳೇನಾ? ಕಣ್ಣು ನೋವು ಬರುತ್ತೆ ಅಂತಿದ್ದೆ?"

"ಬಂತು. ಹೋಯ್ತು. ನೀನು ಉಣ್ಣು."

ಅವನು ಅನ್ನ ಕಲಸುತ್ತಾ ಕೂತ. ತುತ್ತು ಎತ್ತಲಿಲ್ಲ. "ಭೂಗೋಳದಲ್ಲಿ ಏನು ಕೇಳಿದಾರೆ ಮಕ್ಕಳು?"

ಪಾಪ, ಹೆಂಡತಿಯ ವಿಷಯವಲ್ಲವೇ, ಅದರ ನೆಪದಲ್ಲಾದರೂ ಅವಳ ನೆನಪು ಮಾಡಿಕೊಳ್ಳುತ್ತಾನೆ ಎಂದು ನನ್ನ ಕರುಳು ಚುರುಕ್ಕೆಂದಿತು. ಜ್ವಾಲಾಮುಖಿ, ಮರುಭೂಮಿ ಎರಡನ್ನೂ ಹೇಳುವಂತಿರಲಿಲ್ಲ. ಏನೂ ಕೇಳಿಲ್ಲ ಎಂದರೆ ಆ ಮುಖ ಇನ್ನಷ್ಟು ಬಾಡುತ್ತದೆ. ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನು ಹೆಣೆದು ಹೇಳಿದೆ.

"ಯಾವುದೋ ಮಗು ಕೇಳಿದೆ ನೋಡು, ಸಮುದ್ರ ಇಳಿತದಲ್ಲಿ ಹಿಂದೆ ಸರಿಯುತ್ತಲ್ಲ, ಆಗ ಆ ನೀರು ಯಾರ ಮನೆಗೆ ಹೋಗುತ್ತೆ ಅಂತ."

"ಯಾರ ಮನೆಗೆ ಹೋಗುತ್ತೆ," ಎಂದು ಅವನು ಮೆಲ್ಲಗೆ ತನ್ನಷ್ಟಕ್ಕೆ ಹೇಳಿಕೊಂಡ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಸುಳಿಯಿತು. "ಚೆನ್ನಾಗಿದೆ ಪ್ರಶ್ನೆ."

ಮತ್ತೆ ಎರಡು ಸಲ ಬಡಿಸಿಕೊಂಡು ಉಂಡ. ನನಗೂ ಸಮಾಧಾನವಾಯಿತು.

* * *

ಹಾಳೆಗಳನ್ನು ಕೊಟ್ಟ ಮೇಲೆ ಬಂದ ಮೊದಲ ಭೂಗೋಳದ ಪೀರಿಯಡ್ಡಿಗೆ ನಾನೂ ಇನ್‌ಸ್ಪೆಕ್ಟರೂ ಹತ್ತನೇ ಕ್ಲಾಸಿನ ಕೊನೇ ಬೆಂಚಿನಲ್ಲಿದ್ದೆವು. ಅವನು ಮಾಮೂಲು ಶರ್ಟು ಹಾಕಿದ್ದ. ಸರ್ವೆಯ ಕಡೆಯವರು, ಕ್ಲಾಸು ನೋಡಲು ಬಂದಿದ್ದಾರೆ ಎಂದಿದ್ದೆ. ಉದ್ದಜಡೆ ಸರಿದು ಜಾಗ ಕೊಟ್ಟು, ಜಡೆಯನ್ನು ತೊಡೆಯ ಮೇಲೆ ಸುತ್ತಿಟ್ಟುಕೊಂಡಳು.

ಕಿಟಕಿ ನನ್ನ ಪಕ್ಕಕ್ಕೇ ಇತ್ತು. ಅಂಗಳದಾಚೆ ಒಂಬತ್ತನೇ ಕ್ಲಾಸಿನ ಬಾಗಿಲು ತೆರೆದಿತ್ತು. ಅಲ್ಲಿ ನನ್ನ ತಮ್ಮ ಬೆನ್ನು ಮಾಡಿ ನಿಂತು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದ.

ಬದಲಿ ಮೇಷ್ಟ್ರು ಪೆನ್ನಿನ ತುದಿ ಕಚ್ಚುತ್ತಾ ಹವಾಗುಣದ ಪಾಠ ಶುರುಮಾಡಿದರು. ಕೊನೇ ಬೆಂಚಿನ ಹುಡುಗನೊಬ್ಬ ಯಾರೂ ಹೇಳದೆ ಎದ್ದು ಹೋಗಿ ಫ್ಯಾನ್ ಆರಿಸಿ ಬಂದ. ಬದಲಿ ಮೇಷ್ಟ್ರು ಆ ಕಡೆ ನೋಡಲಿಲ್ಲ. ಅಥವಾ ನೋಡದಂತಿದ್ದರು.

ಸೆಕೆ. ಬೆವರು. ಯಾರೂ ಅಲುಗಾಡಲಿಲ್ಲ.

ಆಮೇಲೆ ಕೊನೇ ಬೆಂಚಿನ ಮಕ್ಕಳೆಲ್ಲ ಒಟ್ಟಿಗೆ ಪುಟ ತಿರುಗಿಸಿದರು. ಬದಲಿ ಮೇಷ್ಟ್ರು ತಿರುಗಿಸಿ ಎಂದಿರಲಿಲ್ಲ.

ನನ್ನ ಬೆನ್ನ ಹಿಂದೆ, ಗೋಡೆಯಲ್ಲಿ, ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.

ಅದು ಅವಳೇ. ಮಾತು ಶುರುಮಾಡುವ ಮುಂಚೆ ಹಾಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು, ಫೋನಿನಲ್ಲೂ, ಅಡುಗೆಮನೆಯಲ್ಲೂ. ಇನ್‌ಸ್ಪೆಕ್ಟರ್ ಬೆನ್ನು ನೆಟ್ಟಗೆ ಮಾಡಿದ.

ಹಾಜರಿ ಕರೆದಳು. ಒಂದೊಂದು ಹೆಸರಿಗೂ ಪಿಸುದನಿಯಲ್ಲಿ "ಎಸ್ ಮಿಸ್" ಬಂತು. ಉದ್ದಜಡೆಯ ಹೆಸರು ಬಂದಾಗ ಅವಳೂ ಎಂದಳು. ಗೋಡೆಗೆ ಅದು ಕೇಳಿಸಿತೋ ಏನೋ, ಒಂದು ಕ್ಷಣ ತಡೆದು ಮುಂದಿನ ಹೆಸರು ಬಂತು.

"ಜ್ವಾಲಾಮುಖಿನೋ, ಮರುಭೂಮಿನೋ," ಎಂದು ಇನ್‌ಸ್ಪೆಕ್ಟರ್ ತುಟಿಯಲ್ಲೇ ಅಂದ. ಅವನಿಗೆ ತವಕ. ನನ್ನ ಕೈ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು. ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಯಾವುದಾದರೂ ಒಂದು ಹೇಳು ತಾಯಿ, ನನ್ನ ತಮ್ಮ ಉಳಿಯಲಿ.

"ಇವತ್ತು," ಎಂದಿತು ಗೋಡೆ, "ನಿಮ್ಮಲ್ಲಿ ಯಾರೋ ಒಂದು ಚೆಂದದ ಪ್ರಶ್ನೆ ಕೇಳಿದೀರಿ. ಸಮುದ್ರ ಇಳಿತದಲ್ಲಿ ಹಿಂದೆ ಸರಿಯುತ್ತಲ್ಲ, ಆಗ ಆ ನೀರು ಯಾರ ಮನೆಗೆ ಹೋಗುತ್ತೆ?"

ಇನ್‌ಸ್ಪೆಕ್ಟರನ ತೋಳು ಬಿಟ್ಟೆ.

ರೆಕಾರ್ಡ್ ಅಲ್ಲ. ಅದು ಎಂದೋ ಮಾಡಿಟ್ಟ ಪಾಠವಾಗಲು ಸಾಧ್ಯವೇ ಇರಲಿಲ್ಲ. ಆ ಪ್ರಶ್ನೆಯನ್ನು ಯಾವ ಹಾಳೆಯಲ್ಲೂ ನಾನು ಟೈಪ್ ಮಾಡಿರಲಿಲ್ಲ. ಹೆಡ್‌ಮಿಸ್ ಅದನ್ನು ಓದಿರಲಿಲ್ಲ. ಬದಲಿ ಮೇಷ್ಟ್ರು ಓದಿರಲಿಲ್ಲ. ಊಟದ ಹೊತ್ತಿಗೆ ನನ್ನ ಬಾಯಿಂದ ಹೊರಟ ಆ ಮಾತನ್ನು ಕೇಳಿಸಿಕೊಂಡದ್ದು ಪ್ರಪಂಚದಲ್ಲಿ ಒಬ್ಬನೇ ಒಬ್ಬ.

ನದಿಗಳ ಪಾಠ ಬೇಕೆಂದು ಬರೆದದ್ದನ್ನೂ ಅವನೇ ತಾನೆ ನನಗೆ ಓದಿ ಹೇಳಿದ್ದು! ಹಾಳೆ ಯಾರ ಯಾರ ಕೈಗೆ ಹೋಗುತ್ತೆ ಎಂದು ಕೇಳಿದಾಗ ನನ್ನ ಮನೆಯನ್ನೇ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಂಕು ಕವಿದಿತ್ತೇ ನನಗೆ?

ಮೆಲ್ಲಗೆ ಕಿಟಕಿಯ ಕಡೆ ತಿರುಗಿದೆ. ತಿರುಗಬಾರದಿತ್ತು.

ಅಂಗಳದಾಚೆ ನನ್ನ ತಮ್ಮ ಬರೆಯುವುದನ್ನು ನಿಲ್ಲಿಸಿದ್ದ. ಬೋರ್ಡಿನ ಲೆಕ್ಕ ಅರ್ಧಕ್ಕೇ ನಿಂತಿತ್ತು. ಅವನು ಬಾಗಿಲಿಗೆ ಬಂದು, ಕೈಯಲ್ಲಿ ಸೀಮೆಸುಣ್ಣ ಹಿಡಿದು, ನೇರವಾಗಿ ನನ್ನನ್ನೇ ನೋಡುತ್ತಿದ್ದ. ಆಮೇಲೆ ನನ್ನ ಪಕ್ಕದಲ್ಲಿ ಕೂತವನು ಯಾರೆಂದು ನೋಡಿದ.

ತಲೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸಿದ. ಬೇಡ ಎನ್ನುವಂತೆ. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿ, ಅಪ್ಪನಿಗೆ ಹೇಳಬೇಡ ಎಂದು ಹೀಗೇ ತಲೆಯಾಡಿಸುತ್ತಿದ್ದ. ನಾನು ಯಾವತ್ತೂ ಹೇಳಿರಲಿಲ್ಲ.

"ಟೀಚರ್." ಇನ್‌ಸ್ಪೆಕ್ಟರ್ ಬಾಯಿ ನನ್ನ ಕಿವಿಯ ಹತ್ತಿರ ಬಂದಿತ್ತು. "ಇದು ಜ್ವಾಲಾಮುಖಿನೂ ಅಲ್ಲ, ಮರುಭೂಮಿನೂ ಅಲ್ಲ. ಈ ಪ್ರಶ್ನೆ ಎಲ್ಲಿಂದ ಬಂತು?"

ಅವಳನ್ನು ಎಲ್ಲಿ ಇಟ್ಟಿದ್ದಾನೆ? ಅವಳಾಗಿಯೇ ಅಡಗಿದ್ದಾಳೋ, ಇವನು ಕೂಡಿಹಾಕಿದ್ದಾನೋ? ಗೋಡೆಯ ದನಿಯಲ್ಲಿ ಅಳು ಇರಲಿಲ್ಲ, ನಗುವೂ ಇರಲಿಲ್ಲ. ಅದು ಚಂದ್ರನ ಸೆಳೆತದ ಬಗ್ಗೆ ಹೇಳುತ್ತಿತ್ತು, ನಿಧಾನವಾಗಿ, ಮಕ್ಕಳು ಬರೆದುಕೊಳ್ಳುವಷ್ಟು ನಿಧಾನವಾಗಿ.

ಒಂದು ಮಾತು ಹೇಳಿದರೆ ತಮ್ಮ ಒಳಗೆ ಹೋಗುತ್ತಾನೆ. ಹೇಳದಿದ್ದರೆ ಅವಳು ಗೋಡೆಯ ಆಚೆಯೇ ಉಳಿಯುತ್ತಾಳೆ.

"ಟೀಚರ್?"

"ಯಾವುದೋ ಮಗು ಬರೆದಿತ್ತು ಕಣೋ," ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. "ಇದೇ ಕ್ಲಾಸಿನದ್ದು. ಟೈಪ್ ಮಾಡುವಾಗ ಎರಡೂ ಹಾಳೆಗೆ ಸೇರಿಸಿದ್ದೆ. ನಿನಗೆ ಹೇಳೋಕೆ ಮರೆತೆ."

ಇನ್‌ಸ್ಪೆಕ್ಟರ್ ಉಸಿರು ಬಿಟ್ಟ. ಅವನ ಭುಜ ಸಡಿಲವಾಯಿತು. ನಂಬಿದ್ದ. ನನ್ನ ಮಾತನ್ನು ಅವನು ಎಂದೂ ನಂಬದೆ ಇದ್ದವನಲ್ಲ.

ಪಕ್ಕದಲ್ಲಿ ಉದ್ದಜಡೆ ಬರೆಯುವುದನ್ನು ನಿಲ್ಲಿಸಿ, ಗೋಡೆಗೆ ತೊಂದರೆಯಾಗದ ಹಾಗೆ ಪಿಸುಗುಟ್ಟಿದಳು.

"ಇಲ್ಲ ಮಿಸ್. ನಾವೆಲ್ಲ ಒಬ್ಬರಿಗೊಬ್ಬರು ತೋರಿಸಿಕೊಂಡೇ ಬರೆದಿದ್ದು. ಸಮುದ್ರದ ಪ್ರಶ್ನೆ ಯಾರೂ ಬರೆದಿಲ್ಲ."

ಇನ್‌ಸ್ಪೆಕ್ಟರ್ ನನ್ನನ್ನು ನೋಡಿದ. ಆಮೇಲೆ, ನಾನು ಇಷ್ಟು ಹೊತ್ತು ಯಾವ ಕಡೆ ನೋಡುತ್ತಿದ್ದೆನೋ ಆ ಕಿಟಕಿಯ ಕಡೆ ತಿರುಗಿದ.